ಮಳೆಯು ತೊಳೆಯದ ಉಪ್ಪು

ಸಕಲೇಶಪುರವನ್ನು ಬಿಟ್ಟು ಮಂಗಳೂರಿನ ಹಾದಿಯಲ್ಲಿ ಐದಾರು ಕಿಲೋಮೀಟರು ಸಾಗಿದರೆ ದೋಣಿಗಲ್ಲು. ಅಲ್ಲಿಯ ಗುಡ್ಡದ ನೆತ್ತಿಯ ಮೇಲೆ ಟೀಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯಿದೆ. ಎಂಟು ಮೂಲೆಯ ನಕ್ಷತ್ರದಂತಿರುವ ಆ ಕೋಟೆಯನ್ನು ನೋಡಲು ಬರುವವರು ಅನೇಕರು. ಆಷಾಢ ಶ್ರಾವಣಗಳಲ್ಲಿ ಬಂದವರಿಗೆ ಕೋಟೆಗಿಂತ ಹೆಚ್ಚಾಗಿ ಮಂಜೇ ಕಾಣುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ 80 ಅಂಗುಲಕ್ಕೂ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ನಾಲ್ಕು ತಿಂಗಳೊಳಗೇ ಸುರಿದುಹೋಗುತ್ತದೆ. ಗುಡ್ಡಗಳ ಒಂದು ಪಕ್ಕದ ನೀರು ಹೇಮಾವತಿಯನ್ನು ಸೇರಿ ಕಾವೇರಿಯ ಪಾಲಾಗುತ್ತದೆ. ಇನ್ನೊಂದು ಪಕ್ಕದ ನೀರು ಕೆಂಪುಹೊಳೆಯ ದಾರಿಯಿಂದ ನೇತ್ರಾವತಿಗೆ ಇಳಿಯುತ್ತದೆ. ಹೀಗೆ ಸಾವಿರಾರು ವರ್ಷ ಎರಡು ಕಡೆಗೂ ತೊಳೆಯಲ್ಪಟ್ಟ ನೆಲದಲ್ಲಿ ಗಿಡಕ್ಕೆ ಬೇಕಾದ ಉಪ್ಪುಸುಣ್ಣಗಳು ಉಳಿದಿರುವುದಾದರೂ ಹೇಗೆ? ಒಂದು ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಸೂರಿನ ನೀರಿಗೆ ಒಡ್ಡಿದರೆ ಗಳಿಗೆಯೊಳಗೆ ಗಂಟು ಖಾಲಿಯಾಗುತ್ತದೆ. ಬೆಟ್ಟವು ಮಾತ್ರ ಖಾಲಿಯಾಗಿಲ್ಲ. ಅಲ್ಲಿ ಕಾಡು ಬೆಳೆದಿದೆ. ಕಾಡಿನ ನೆರಳಿನಲ್ಲಿ ಏಲಕ್ಕಿಯೂ ಕಾಫಿಯೂ ಬೆಳೆದಿವೆ.

ಈ ಪ್ರಶ್ನೆಗೆ ಉತ್ತರ ದೊರೆತ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದು ಮಣ್ಣಿನಲ್ಲಿ ಪ್ರಾರಂಭವಾಗಿ, ಹಣ್ಣಿನ ಲೋಳೆಯನ್ನು ಹಾದು, ಈಗಿನ ಕಾರ್ಖಾನೆಗಳ ವಿದ್ಯುತ್ಕೋಶದವರೆಗೆ ಬೆಳೆದಿದೆ. ಮಂಜರಾಬಾದಿನ ತೋಟಗಾರನ ಪಾಲಿಗೆ ಅದು ಕೇವಲ ಚರಿತ್ರೆಯೂ ಅಲ್ಲ.

ಮೊದಲ ಹೆಜ್ಜೆ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಬಿದ್ದಿತು. ಅಲ್ಲಿ ಥಾಮ್ಸನ್ ಎಂಬ ಜಮೀನುದಾರರಿದ್ದರು. ತಿಪ್ಪೆಯ ಗೊಬ್ಬರದ ಸಾರವು ಮಳೆಯಲ್ಲಿ ಕೊಚ್ಚಿಹೋಗುತ್ತದೆಂಬ ಚಿಂತೆ ಎಲ್ಲ ರೈತರಿಗೂ ಇದ್ದಂತೆ ಅವರಿಗೂ ಇದ್ದಿತು. 1845ರಲ್ಲಿ ಅವರು ಗಾಜಿನ ಕೊಳವೆಯಲ್ಲಿ ಮಣ್ಣು ತುಂಬಿ, ಮೇಲೆ ಅಮೋನಿಯಂ ಸಲ್ಫೇಟ್ ಎಂಬ ಉಪ್ಪನ್ನು ಹಾಕಿ, ನೀರು ಹೊಯ್ದು, ಕೆಳಗೆ ತೊಟ್ಟಿಕ್ಕಿದ್ದನ್ನು ಪರೀಕ್ಷೆ ಮಾಡಿಸಿದರು. ಮೇಲೆ ಹಾಕಿದ ಅಮೋನಿಯದ ಬಹುಭಾಗ ಕೆಳಗೆ ಬರಲಿಲ್ಲ. ಬಂದದ್ದು ಜಿಪ್ಸಂ, ಎಂದರೆ ಸುಣ್ಣದ ಸಲ್ಫೇಟು. ಹಾಕಿದವರು ಸುಣ್ಣವನ್ನು ಹಾಕಿರಲಿಲ್ಲ! ಮಣ್ಣು ಅಮೋನಿಯವನ್ನು ಇಟ್ಟುಕೊಂಡು ಅದರ ಬದಲಿಗೆ ತನ್ನಲ್ಲಿದ್ದ ಸುಣ್ಣವನ್ನು ಕೊಟ್ಟಿತ್ತು.

ಅಲ್ಲಿಯ ರಾಜಮಾನ್ಯ ಕೃಷಿಸಂಘದ ರಸಾಯನಜ್ಞರಾಗಿದ್ದ ವೇ ಎಂಬವರು ಈ ಸಂಗತಿಯನ್ನು ಹಿಡಿದು ಹಲವು ಬಗೆಯ ಮಣ್ಣುಗಳಲ್ಲಿ ಹಲವು ಬಗೆಯ ಉಪ್ಪುಗಳನ್ನು ಶೋಧಿಸಿ 1850ರಲ್ಲಿಯೂ 1852ರಲ್ಲಿಯೂ ದೀರ್ಘವಾದ ಲೇಖನಗಳನ್ನು ಪ್ರಕಟಿಸಿದರು. ಎಷ್ಟು ಪ್ರಮಾಣದ ಅಮೋನಿಯ ಒಳಗೆ ಹೋಯಿತೋ ಅದಕ್ಕೆ ಸಮನಾದ ಪ್ರಮಾಣದ ಸುಣ್ಣವೇ ಹೊರಗೆ ಬಂದಿತೆಂದೂ, ಉಪ್ಪಿನ ಎರಡು ಭಾಗಗಳಲ್ಲಿ ಕ್ಷಾರದ ಭಾಗವು ಮಾತ್ರ ಹಿಡಿಯಲ್ಪಟ್ಟು ಆಮ್ಲದ ಭಾಗವು ತಡೆಯಿಲ್ಲದೆ ಹರಿದುಹೋಯಿತೆಂದೂ ಅವರು ತೋರಿಸಿದರು. ಒಮ್ಮೆ ಹಿಡಿದದ್ದನ್ನು ಮಣ್ಣು ಹಿಂದಕ್ಕೆ ಕೊಡುವುದಿಲ್ಲವೆಂದು ಭಾವಿಸಿದ್ದು ಅವರ ತಪ್ಪು. 1858ರ ವೇಳೆಗೆ ಜರ್ಮನಿಯ ಶೋಧಕರು ಅದನ್ನು ತಿದ್ದಿದರು. ಕೊಡದಿದ್ದರೆ ಗಿಡ ಬದುಕುವುದೆಂತು? ಒಬ್ಬ ವಿದ್ವಾಂಸನ ಅರ್ಧ ಸರಿಯಾದ ಮಾತಿನಿಂದ ಶಾಸ್ತ್ರಕ್ಕಾಗುವ ಉಪಕಾರವು ಹತ್ತು ಮಂದಿಯ ಮೌನದಿಂದ ಆಗುವುದಿಲ್ಲ.

ಅದೇ ಕಾಲದಲ್ಲಿ ನಮ್ಮ ಮಂಜರಾಬಾದಿನಲ್ಲಿ ಏನು ನಡೆಯುತ್ತಿತ್ತು? 1856ರ ವೇಳೆಗೆ ಎಲಿಯಟ್ ಎಂಬ ಸ್ಕಾಟ್ಲೆಂಡಿನ ದೊರೆಯು ಇಲ್ಲಿ ಕಾಡು ಕಡಿಸಿ ಕಾಫಿ ಹಾಕಿಸುತ್ತಿದ್ದನು. ಮೊದಮೊದಲು ಅನೇಕ ತೋಟಗಾರರು ಮರಗಳನ್ನೆಲ್ಲ ಉರುಳಿಸಿ, ಸುಟ್ಟು, ಬಯಲಿನಲ್ಲಿಯೇ ಗಿಡ ನೆಟ್ಟರು. ಕೆಲವು ವರ್ಷ ಫಸಲು ಹುಲುಸಾಗಿ ಬಂದಿತು. 1860ರ ದಶಕದ ಕೊನೆಯ ಹೊತ್ತಿಗೆ ಕಾಂಡಕೊರಕ ಹುಳು ಇಂತಹ ನೆರಳಿಲ್ಲದ ತೋಟಗಳನ್ನು ಹಾಳುಮಾಡಿತು. ನೆರಳಿಲ್ಲದೆ ಮೈಸೂರಿನಲ್ಲಿ ಕಾಫಿಯಿಲ್ಲವೆಂದು ಎಲಿಯಟ್ ತನ್ನ ಅನುಭವದಿಂದ ನಿರ್ಧರಿಸಿದನು. 1894ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ನೆರಳಿನ ವಿಚಾರವಾಗಿ ಎಷ್ಟು ಆಸ್ಥೆಯಿದೆಯೋ ಗೊಬ್ಬರದ ವಿಚಾರವಾಗಿಯೂ ಅಷ್ಟೇ ಇದೆ. ಅಷ್ಟರಲ್ಲಿ ಇಂಡಿಯಾ ಸರಕಾರವು ಇಲ್ಲಿಯ ಬೇಸಾಯವನ್ನು ನೋಡಿ ವರದಿ ಮಾಡಲು ಡಾಕ್ಟರ್ ವೋಲ್ಕರರನ್ನು 1889ರಲ್ಲಿ ಕರೆಸಿಕೊಂಡಿತ್ತು; ವರದಿ 1893ರಲ್ಲಿ ಹೊರಬಂದಿತು. ಈ ವೋಲ್ಕರರ ತಂದೆಯೇ ವೇ ಅವರ ತರುವಾಯ ಆ ಕೃಷಿಸಂಘದ ರಸಾಯನಜ್ಞರಾಗಿದ್ದವರು. 1900ರ ಸುಮಾರಿಗೆ ಮೈಸೂರು ಸಂಸ್ಥಾನವು ಡಾಕ್ಟರ್ ಲೇಹ್ಮನ್ನರನ್ನು ವ್ಯವಸಾಯ ರಸಾಯನಜ್ಞರನ್ನಾಗಿ ನೇಮಿಸಿತು. 1908ರಲ್ಲಿ ಕೆನಡಾ ದೇಶದಿಂದ ಬಂದ ಡಾಕ್ಟರ್ ಕೋಲ್ಮನ್ನರು 1913ರಿಂದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದರು. ಅವರ ಕಾಲದಲ್ಲಿಯೇ, 1925ರಲ್ಲಿ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕ್ಷೇತ್ರವು ಪ್ರಾರಂಭವಾಯಿತು. ಗಾಜಿನ ಕೊಳವೆಯ ಪ್ರಯೋಗದಿಂದ ಹುಟ್ಟಿದ ವಿದ್ಯೆಯು ಮಲೆನಾಡಿನ ತೋಟಕ್ಕೆ ಬಂದು ಸೇರಿದ ದಾರಿ ಇದು.

ಮಣ್ಣಿನಲ್ಲಿ ಹಿಡಿಯತಕ್ಕದ್ದು ಯಾವುದು? ದೋಣಿಗಲ್ಲಿನಲ್ಲಿ ರಸ್ತೆಗಾಗಿ ಗುಡ್ಡವನ್ನು ಕೊಯ್ದ ಕಡೆ ನಿಂತು ನೋಡಿದರೆ ಇದರ ಉತ್ತರ ಅರ್ಧದಷ್ಟು ಕಣ್ಣಿಗೇ ಕಾಣುತ್ತದೆ. (2021ರ ಜುಲೈ ತಿಂಗಳಲ್ಲಿ ಇಲ್ಲಿ ಹೆದ್ದಾರಿಯೇ ಕುಸಿದು ಸಂಚಾರ ನಿಂತಿತ್ತು. ಅದು ಇಂಜಿನಿಯರುಗಳು ವಿಚಾರಿಸಬೇಕಾದ ವಿಷಯ. ನಮ್ಮ ವಿಷಯಕ್ಕೂ ಅದಕ್ಕೂ ನಂಟು ಕಲ್ಪಿಸುವುದು ಸರಿಯಲ್ಲ.) ಮೇಲೆ ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ, ಕಪ್ಪು ಮಣ್ಣು, ಅದರ ಕೆಳಗೆ ಆಳುದ್ದಕ್ಕೆ, ಹಲವು ಆಳುದ್ದಕ್ಕೆ, ಕೆಂಪು ಮಣ್ಣು. ಕೆಂಪು ಮಣ್ಣಿನಲ್ಲಿ ಜೇಡಿಯಿದೆ. ಆದರೆ ಹೆಚ್ಚು ಮಳೆಯಲ್ಲಿ ಬಹುಕಾಲ ಬೆಂದು ಬಸವಳಿದ ಈ ಜೇಡಿಯು ಹೆಂಚಿಗೆ ಒದಗುವ ಜಾತಿಯದು. ಉಪ್ಪನ್ನು ಹಿಡಿಯುವ ಶಕ್ತಿ ಅದಕ್ಕೆ ಬಹಳ ಸ್ವಲ್ಪ. ತೂಕಕ್ಕೆ ತೂಕ ಹೋಲಿಸಿದರೆ ಮೇಲಿನ ಕರಿಮಣ್ಣಿಗೆ ಬಣ್ಣ ಕೊಟ್ಟಿರುವ ಸಸ್ಯಶೇಷವು ಈ ಜೇಡಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ಹಿಡಿಯಬಲ್ಲುದು. ಬಯಲುಸೀಮೆಯ ಎರೆಭೂಮಿಯ ಜೇಡಿ ಬೇರೆ ಜಾತಿಯದು. ಅಲ್ಲಿ ಜೇಡಿಯೇ ಧಣಿ. ಮಲೆನಾಡಿನಲ್ಲಿ ಮಾತ್ರ ತರಗೆಲೆ ಕೊಳೆತು ಆದ ಆ ಒಂದು ಗೇಣಿನ ಮೇಲೆಯೇ ಬಹುಪಾಲು ಸಂಸಾರ ನಿಂತಿದೆ.

ಈ ಸಸ್ಯಶೇಷವು ಹಿಡಿಯುವುದಕ್ಕೆ ಕಾರಣ ವಿದ್ಯುತ್ತು. ಉಪ್ಪು ನೀರಿನಲ್ಲಿ ಕರಗಿದಾಗ ಎರಡಾಗಿ ಒಡೆಯುತ್ತದೆ. ಒಂದು ಭಾಗ ಧನವಿದ್ಯುತ್ತನ್ನೂ ಇನ್ನೊಂದು ಋಣವಿದ್ಯುತ್ತನ್ನೂ ಹೊತ್ತು ಸಂಚರಿಸುತ್ತವೆ. ಇವಕ್ಕೆ ‘ನಡೆಯತಕ್ಕದ್ದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಅಯಾನು ಎಂಬ ಹೆಸರನ್ನು ಫ್ಯಾರಡೆ ಮಹಾಶಯನು 1834ರಲ್ಲಿ ಬಳಕೆಗೆ ತಂದನು. ಸಸ್ಯದ ಮೈಯಲ್ಲಿರುವ ಅನೇಕ ದ್ರವ್ಯಗಳು ಉದ್ದವಾದ ಸರಪಳಿಯಂತಹ ಅಣುಗಳು. ಆ ಸರಪಳಿಯ ಕೊಂಡಿಕೊಂಡಿಗೂ ಒಂದೊಂದು ಆಮ್ಲದ ತುದಿ ಅಂಟಿಕೊಂಡಿದ್ದರೆ, ನೀರಿನಲ್ಲಿ ಆ ತುದಿಗಳು ಋಣವಿದ್ಯುತ್ತನ್ನು ಪಡೆಯುತ್ತವೆ. ಸರಪಳಿ ಎಲ್ಲಿಗೂ ಹೋಗಲಾರದು. ಅದರ ಋಣ ತುದಿಗಳೂ ಹೋಗಲಾರವು. ಅವುಗಳಿಗೆ ಜೊತೆಯಾದ ಧನ ಅಯಾನುಗಳು ಮಾತ್ರ ಸುತ್ತಲಿನ ನೀರಿನಲ್ಲಿ ತಿರುಗಾಡುತ್ತಿರುತ್ತವೆ.

ಊಟದ ಪಂಕ್ತಿಯನ್ನು ನೆನಪಿಗೆ ತಂದುಕೊಳ್ಳಬಹುದು. ಹಾಕಿದ ಮಣೆಗಳು ಹಾಗೆಯೇ ಇರುತ್ತವೆ. ಕುಳಿತವರು ಮಾತ್ರ ಬದಲಾಗುತ್ತಾರೆ. ಮತ್ತೊಬ್ಬನು ಬಂದು ಕೂಡುವ ತನಕ ಮೊದಲಿನವನು ಏಳುವಂತಿಲ್ಲವೆಂಬುದು ಈ ಪಂಕ್ತಿಯ ನಿಯಮ. ಸುಣ್ಣದ ಅಯಾನು ಎರಡು ಮಣೆ ಹಿಡಿಯುತ್ತದೆ. ಪೊಟ್ಯಾಸಿಯಂ, ಅಮೋನಿಯಂಗಳಿಗೆ ಒಂದೊಂದೇ ಸಾಕು. ಬರಿಯ ನೀರು ಎಷ್ಟು ಹರಿದರೂ ಪಂಕ್ತಿಯನ್ನು ಎಬ್ಬಿಸಲಾರದು. ಏಕೆಂದರೆ ಎದ್ದವನ ಜಾಗಕ್ಕೆ ಕೂಡಿಸಲು ಅದರಲ್ಲಿ ಅತಿಥಿಗಳೇ ಇಲ್ಲ. ಮಳೆಯಿಂದ ಬೆಟ್ಟ ಖಾಲಿಯಾಗದಿರುವ ಗುಟ್ಟಿನ ಮುಖ್ಯಭಾಗ ಇದೇ.

ರೇಡಿಯೋದಲ್ಲಿ ಪ್ರಯೋಗವನ್ನು ಕಣ್ಣಿಗೆ ತೋರಿಸುವ ಉಪಾಯವಿಲ್ಲ. ಆದುದರಿಂದ ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಳ್ಳೋಣ. ಬೇಸಿಗೆಯಲ್ಲಿ ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜವನ್ನು ಎಲ್ಲರೂ ಬಲ್ಲರು. ಒಂದು ಚಿಟಿಕೆ ಬೀಜವನ್ನು ಒಂದು ಲೋಟ ಬರಿಯ ನೀರಿಗೂ, ಇನ್ನೊಂದು ಚಿಟಿಕೆಯನ್ನು ಗಟ್ಟಿಯಾಗಿ ಉಪ್ಪು ಕದಡಿದ ನೀರಿಗೂ ಹಾಕಿ ನೋಡಬೇಕು. ಬರಿಯ ನೀರಿನಲ್ಲಿ ಪ್ರತಿಯೊಂದು ಕಾಳೂ ಬೆಳ್ಳಗೆ ಉಬ್ಬಿ ಮುತ್ತಿನಂತಾಗುತ್ತದೆ. ಉಪ್ಪುನೀರಿನಲ್ಲಿ ಉಬ್ಬು ಕಡಮೆ. ಬೀಜದ ಮೇಲಿನ ಲೋಳೆಯು ನಾವು ಹೇಳಿದಂತಹ ಋಣ ತುದಿಗಳುಳ್ಳ ಸರಪಳಿಗಳ ಬಲೆ. ಬಲೆಯ ಒಳಗೆ ಜೊತೆಯ ಅಯಾನುಗಳು ಕಿಕ್ಕಿರಿದಿವೆ. ಸರಪಳಿಯನ್ನು ಬಿಟ್ಟು ಹೊರಗೆ ಹೋಗುವ ಸ್ವಾತಂತ್ರ್ಯ ಅವಕ್ಕಿಲ್ಲ. ಅವು ಹೊರಗೆ ಬರಲಾರದಾಗ ಅವುಗಳ ದಟ್ಟಣೆಯನ್ನು ತಿಳಿಮಾಡಲು ನೀರೇ ಒಳಗೆ ನುಗ್ಗಬೇಕಾಗುತ್ತದೆ, ಬಲೆ ಉಬ್ಬುತ್ತದೆ. ಹೊರಗಿನ ನೀರಿನಲ್ಲಿಯೂ ಉಪ್ಪು ದಟ್ಟವಾಗಿದ್ದರೆ ಒಳಹೊರಗಿನ ವ್ಯತ್ಯಾಸ ಕಡಮೆಯಾಗಿ ನೀರಿನ ನುಗ್ಗೂ ಕಡಮೆಯಾಗುತ್ತದೆ.

ಈ ಲೆಕ್ಕವನ್ನು 1911ರಲ್ಲಿ ಸೂತ್ರರೂಪವಾಗಿ ನಿರೂಪಿಸಿದವರು ಡಾನನ್ ಎಂಬ ರಸಾಯನಶಾಸ್ತ್ರಜ್ಞರು. ಇವರು ಹುಟ್ಟಿದ್ದು ಸಿಂಹಳದ ಕೊಲಂಬೊ ಪಟ್ಟಣದಲ್ಲಿ. ಒಂದು ಪೊರೆಯ ಒಂದು ಕಡೆ ಅಲುಗಾಡಲಾರದ ವಿದ್ಯುದಂಶವಿದ್ದರೆ, ಅಲುಗಾಡಬಲ್ಲ ಅಯಾನುಗಳು ಎರಡು ಕಡೆಗೂ ಸಮನಾಗಿ ಹಂಚಿಕೊಳ್ಳುವುದಿಲ್ಲ; ಎದುರು ಜಾತಿಯವು ಒಳಗೆ ಹೆಚ್ಚಾಗುತ್ತವೆ, ಸ್ವಜಾತಿಯವು ಹೊರಗೇ ತಡೆಯಲ್ಪಡುತ್ತವೆ, ಎಂಬುದು ಆ ಸೂತ್ರದ ತಾತ್ಪರ್ಯ. ವೇ ಅವರ ಕೊಳವೆಯಲ್ಲಿ ಆಮ್ಲದ ಭಾಗವು ತಡೆಯಿಲ್ಲದೆ ಹರಿದದ್ದೇಕೆಂಬುದು ಇದರಿಂದ ಸ್ಪಷ್ಟವಾಯಿತು. ಮಣ್ಣಿನ ಋಣ ತುದಿಗಳಿಗೆ ಋಣ ಅಯಾನುಗಳಿಂದ ಪ್ರಯೋಜನವಿಲ್ಲ.

ಇನ್ನೊಂದು ಪ್ರಯೋಗ ಬೆಂಡೆಕಾಯಿಯದು. ಬೆಂಡೆಕಾಯಿಯ ಲೋಳೆ ಏಳದಂತೆ ಮಾಡಲು ನಮ್ಮ ಮನೆಗಳಲ್ಲಿ ಹುಳಿ ಹಿಂಡುತ್ತಾರೆ, ಇಲ್ಲವೆ ಮಜ್ಜಿಗೆ ಚಿಮುಕಿಸುತ್ತಾರೆ. ಹುಳಿಯೆಂದರೆ ಜಲಜನಕದ ಅಯಾನುಗಳ ಸಮೃದ್ಧಿ. ಇವು ಋಣ ತುದಿಗಳ ಮೇಲೆ ಕೂತು ಅವುಗಳ ವಿದ್ಯುತ್ತನ್ನೇ ನುಂಗಿಬಿಡುತ್ತವೆ. ಒಂದನ್ನೊಂದು ತಳ್ಳುತ್ತ ಚಾಚಿಕೊಂಡಿದ್ದ ಸರಪಳಿ ಆಗ ಮುದುಡುತ್ತದೆ, ಲೋಳೆ ತಗ್ಗುತ್ತದೆ. ಪಂಕ್ತಿಯ ಉಪಮಾನದಲ್ಲಿ ಹೇಳುವುದಾದರೆ, ಉಳಿದ ಅತಿಥಿಗಳು ಉಂಡೆದ್ದು ಮಣೆಯನ್ನು ಬಿಟ್ಟುಹೋಗುತ್ತಾರೆ. ಜಲಜನಕವು ಮಣೆಯನ್ನೇ ಎತ್ತಿ ಗೋಡೆಗೆ ಒರಗಿಸುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು. ಮಂಜರಾಬಾದಿನ ತೋಟಗಳ ಕಷ್ಟವೆಲ್ಲ ಇದರಲ್ಲಿಯೇ ಇದೆ.

ಲೋಳೆಯ ಚರಿತ್ರೆಗೆ ಹುಣಸೆಯ ಹಣ್ಣಿನದೇ ಮೊದಲ ಸ್ಥಾನ. ಫ್ರಾನ್ಸಿನ ವಾಕ್ಲಾಂ 1790ರಲ್ಲಿ ಹುಣಸೆಹಣ್ಣನ್ನು ವಿಭಜಿಸುವಾಗ ಹೆಪ್ಪುಗಟ್ಟುವ ಒಂದು ದ್ರವ್ಯವನ್ನು ಕಂಡನು. 1825ರಲ್ಲಿ ನಾನ್ಸಿ ನಗರದ ಸಸ್ಯೋದ್ಯಾನದ ಅಧಿಕಾರಿ ಬ್ರಾಕೊನೊ ಅದು ಬಹುತೇಕ ಎಲ್ಲ ಗಿಡಗಳಲ್ಲಿಯೂ ಇರುವ ಆಮ್ಲವೆಂದು ತೋರಿಸಿ, ‘ಹೆಪ್ಪು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಪೆಕ್ಟಿಕ್ ಆಮ್ಲವೆಂದು ಕರೆದನು. ಇಂತಹ ದ್ರವ್ಯಗಳು ನಿಜವಾಗಿಯೂ ಒಂದೇ ಉದ್ದವಾದ ಅಣುವೋ ಅಥವಾ ಚಿಕ್ಕ ಅಣುಗಳ ಗುಂಪೋ ಎಂಬ ವಾದವು ಬಹುಕಾಲ ನಡೆಯಿತು. 1920ರಲ್ಲಿ ಜರ್ಮನಿಯ ಸ್ಟೌಡಿಂಗರ್ ಇವು ಉದ್ದವಾದ ಸರಪಳಿಗಳೇ ಎಂದು ಸಾರಿದಾಗ ಹಿರಿಯ ವಿದ್ವಾಂಸರು ಒಪ್ಪಲಿಲ್ಲ. ಒಪ್ಪಿ ನೊಬೆಲ್ ಪಾರಿತೋಷಕ ಕೊಟ್ಟದ್ದು 1953ರಲ್ಲಿ. ಪೆಕ್ಟಿನ್ನಿನ ವಿಷಯದಲ್ಲಿ ಅವರ ಮಾತೇ ನಿಂತಿದೆ. ಆದರೆ ವಿನೋದವೇನೆಂದರೆ, ಮಣ್ಣಿನ ಸಸ್ಯಶೇಷದ ವಿಷಯದಲ್ಲಿ ಈಚಿನ ಶೋಧಕರು ಹಿಂದಕ್ಕೆ ತಿರುಗಿದ್ದಾರೆ. ಅದು ಒಂದೇ ಬೃಹತ್ ಅಣುವಲ್ಲ, ಕೊಳೆಯುತ್ತಿರುವ ನಾನಾ ಸರಪಳಿಗಳ ಉದ್ದಗಿಡ್ಡ ತುಂಡುಗಳು ಒಂದಕ್ಕೊಂದು, ಜೇಡಿಗೊಂದು, ಅಂಟಿಕೊಂಡ ಕೂಟವೆಂದು ಅವರ ಮತ. ಹೇಗಿದ್ದರೂ ಆಮ್ಲದ ತುದಿಗಳು ಇವೆ; ಮಣೆಗಳು ಇವೆ.

ಕಾಫಿಯ ಹಣ್ಣಿನಲ್ಲಿ ಈ ಪೆಕ್ಟಿನ್ನು ತೋಟಗಾರನ ಕೈಗೇ ಅಂಟುತ್ತದೆ. ಪಲ್ಪರ್ ಯಂತ್ರಕ್ಕೆ ಹಣ್ಣು ಕೊಟ್ಟು ಸಿಪ್ಪೆ ತೆಗೆದ ಮೇಲೆ ಬೀಜದ ಸುತ್ತ ಜಾರುವ ಲೋಳೆ ಉಳಿಯುತ್ತದೆ. ಬರಿಯ ನೀರಿನಲ್ಲಿ ಎಷ್ಟು ತೊಳೆದರೂ ಅದು ಬಿಡುವುದಿಲ್ಲ. ನೀರು ಅದನ್ನು ಉಬ್ಬಿಸುತ್ತದೆಯೇ ಹೊರತು ಕರಗಿಸಲಾರದು. ಸರಪಳಿ ಸರಪಳಿಗೆ ಹೆಣೆದುಕೊಂಡಿದೆ, ನಡುನಡುವೆ ಸುಣ್ಣದ ಅಯಾನುಗಳು ಎರಡು ಕಡೆಯ ತುದಿಗಳನ್ನೂ ಹಿಡಿದು ಗುಂಡಿ ಹಾಕಿದಂತೆ ಬಿಗಿದಿವೆ. ಆದಕಾರಣ ಬೀಜವನ್ನು ತೊಟ್ಟಿಯಲ್ಲಿ ರಾಶಿಹಾಕಿ ಒಂದು ದಿನ, ಚಳಿ ಹೆಚ್ಚಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು, ಹುದುಗಲು ಬಿಡುತ್ತಾರೆ. ಸೂಕ್ಷ್ಮಜೀವಿಗಳೂ ಹಣ್ಣಿನದೇ ಕಿಣ್ವಗಳೂ ಸರಪಳಿಯನ್ನು ತುಂಡುತುಂಡು ಮಾಡಿದ ಮೇಲೆ ಲೋಳೆ ನೀರಿನೊಡನೆ ಹೋಗುತ್ತದೆ. ಹುದುಗು ಸಾಕಾಯಿತೇ ಎಂದು ತಿಳಿಯಲು ಅನುಭವಸ್ಥರು ಬೀಜವನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ. ಜಾರಿಕೆ ಹೋಗಿ ಮರಳಿನಂತೆ ಒರಟಾಗಿರಬೇಕು. ತೊಳೆದ ಆ ಹುಳಿನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಊರಿನವರಿಗೂ ಮೀನಿಗೂ ಅಪಾಯ. ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಬೇಕೆಂಬ ಕಟ್ಟಳೆ ಬಂದದ್ದು ಇದಕ್ಕೋಸ್ಕರ.

ಹಣ್ಣಿನಲ್ಲಿರುವ ಪೆಕ್ಟಿನ್ನು ಬೇರಿನಲ್ಲಿಯೂ ಇದೆ. ಬೇರಿನ ಎಳೆಯ ತುದಿಯಲ್ಲಿ ಜೀವಕೋಶಗಳ ಗೋಡೆಯೇ ಈ ಋಣ ಸರಪಳಿಗಳಿಂದ ಹೆಣೆದದ್ದು. ಹಾಗಾದರೆ ಮಣ್ಣಿನಿಂದ ಗಿಡಕ್ಕೆ ಸುಣ್ಣವು ಹೋಗುವ ದಾರಿಯಲ್ಲಿ ಈಚೆಯ ದಡದಲ್ಲಿಯೂ ಆಚೆಯ ದಡದಲ್ಲಿಯೂ ಒಂದೇ ಬಗೆಯ ಪಂಕ್ತಿ! ಬೇರು ಜಲಜನಕದ ಅಯಾನನ್ನು ಹೊರಗೆ ಬಿಡುತ್ತದೆ. ಅದು ಮಣ್ಣಿನ ಮಣೆಯ ಮೇಲೆ ಕೂಡುತ್ತದೆ. ಅಲ್ಲಿಂದ ಎದ್ದ ಸುಣ್ಣವು ನೀರಿನ ತೆಳುಪೊರೆಯನ್ನು ದಾಟಿ ಬೇರಿನ ಗೋಡೆಯ ಪಂಕ್ತಿಯಲ್ಲಿ ಬಂದು ಕೂಡುತ್ತದೆ, ಅಲ್ಲಿಂದ ಒಳಮನೆಗೆ ಹೋಗುತ್ತದೆ. ಗಿಡದ ಊಟವೆಲ್ಲ ಇಂತಹ ಕೊಡುಕೊಳ್ಳುವಿಕೆ.

ಇದರಲ್ಲಿ ನೀರಿನ ಪಾತ್ರವನ್ನು ಅಲಕ್ಷಿಸಲಾಗದು. ನೀರಿಲ್ಲದಿದ್ದರೆ ಋಣ ತುದಿಯೂ ಧನ ಅಯಾನೂ ಒಂದನ್ನೊಂದು ಅವಚಿಕೊಂಡು ಅಲುಗದೆ ಇರುತ್ತವೆ. ನೀರಿನ ನಡುವೆ ವಿದ್ಯುದಾಕರ್ಷಣೆಯು ಬರಿಯ ಗಾಳಿಯಲ್ಲಿರುವುದರ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಲ್ಲದೆ ನೀರಿನ ಅಣುಗಳು ಪ್ರತಿಯೊಂದು ಅಯಾನನ್ನೂ ಸುತ್ತುವರಿದು ಮೆತ್ತೆ ಹಾಸುತ್ತವೆ. ಆಗ ಅಯಾನು ತುದಿಯಿಂದ ತುದಿಗೆ ಸರಿಯಬಲ್ಲುದು. ಜಲಜನಕದ ಅಯಾನಿನ ನಡಿಗೆಯಂತೂ ವಿಚಿತ್ರವಾದುದು. ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತವರು ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುವರಲ್ಲವೆ? ಯಾರೂ ನಡೆಯುವುದಿಲ್ಲ, ಬಿಂದಿಗೆ ಹೋಗಿ ಮುಟ್ಟುತ್ತದೆ. ಹಾಗೆ ನೀರಿನ ಅಣುಗಳು ಜಲಜನಕವನ್ನು ಒಂದರಿಂದೊಂದಕ್ಕೆ ದಾಟಿಸುತ್ತವೆ. ಇದರ ಮೂಲಕಲ್ಪನೆಯನ್ನು ಗ್ರೋಟ್ಹಸ್ ಎಂಬ ತರುಣನು 1806ರಷ್ಟು ಹಿಂದೆಯೇ ಮಾಡಿದ್ದನು. ಆಗಿನ್ನೂ ಅಯಾನು ಎಂಬ ಹೆಸರೇ ಹುಟ್ಟಿರಲಿಲ್ಲ.

ಪ್ರಕೃತಿಯಲ್ಲಿ ಕಂಡದ್ದನ್ನು ಕೈಯಾರೆ ಮಾಡುವ ಕಾಲವು 1935ರಲ್ಲಿ ಬಂದಿತು. ಮೈಸೂರಿನಲ್ಲಿ ಡಾಕ್ಟರ್ ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ತಮ್ಮ ಮನೆಯಿಂದಲೇ ಪ್ರಾರಂಭಿಸಿದ ವರ್ಷವೂ ಅದೇ. ಆ ವರ್ಷ ಇಂಗ್ಲೆಂಡಿನ ಟೆಡಿಂಗ್ಟನ್ ಪ್ರಯೋಗಶಾಲೆಯ ಆಡಮ್ಸ್, ಹೋಮ್ಸ್ ಎಂಬ ಇಬ್ಬರು, ಮರದ ತೊಗಟೆಯ ಒಗರಿನಂತಹ ದ್ರವ್ಯಗಳನ್ನು ಫಾರ್ಮಾಲ್ಡಿಹೈಡಿನೊಡನೆ ಕೂಡಿಸಿ ಕೃತಕವಾದ ರಾಳಗಳನ್ನು ಮಾಡಿ, ಅವು ಮಣ್ಣಿನಂತೆಯೇ ಅಯಾನುಗಳನ್ನು ಬದಲಾಯಿಸುತ್ತವೆಂದು ತೋರಿಸಿದರು. ಒಡೆದ ಗ್ರಾಮಫೋನ್ ತಟ್ಟೆಗಳ ಪುಡಿಯಲ್ಲಿ ಈ ಗುಣ ಮೊದಲು ಕಂಡಿತೆಂದು ಒಂದು ಕಥೆಯೂ ಪ್ರಚಾರದಲ್ಲಿದೆ. ಗಡಸು ನೀರನ್ನು ಮೆದುಮಾಡುವ ಯಂತ್ರಗಳಲ್ಲಿ ಈಗ ಇರುವುದು ಇಂತಹ ರಾಳಗಳ ಸಂತತಿ. 1960ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲ್ಟರ್ ಗ್ರೋಟ್ ಎಂಬವರು ನ್ಯಾಫಿಯಾನ್ ಎಂಬ ಪೊರೆಯನ್ನು ಸಿದ್ಧಪಡಿಸಿದರು. ನೀರನ್ನು ಒಲ್ಲದ ಬೆನ್ನೆಲುಬು, ನೀರನ್ನು ಬಯಸುವ ಗಂಧಕಾಮ್ಲದ ತುದಿಗಳು: ಇವೆರಡೂ ಒಂದೇ ಸರಪಳಿಯಲ್ಲಿ. ನೀರು ತಾಕಿದಾಗ ತುದಿಗಳೆಲ್ಲ ಒಂದೆಡೆ ಕೂಡಿ ಪೊರೆಯೊಳಗೆ ಅತಿಸೂಕ್ಷ್ಮವಾದ ಕಾಲುವೆಗಳು ಏರ್ಪಡುತ್ತವೆ. ಅವುಗಳಲ್ಲಿ ಧನ ಅಯಾನುಗಳು ಹರಿಯುತ್ತವೆ, ಋಣ ಅಯಾನುಗಳಿಗೆ ಬಾಗಿಲು ಮುಚ್ಚಿದೆ. ಉಪ್ಪಿನಿಂದ ಕಾಸ್ಟಿಕ್ ಸೋಡಾ ತೆಗೆಯುವ ಕಾರ್ಖಾನೆಗಳು ವಿಷಕಾರಿಯಾದ ಪಾದರಸವನ್ನು ಬಿಡಲು ಸಾಧ್ಯವಾದದ್ದು ಇಂತಹ ಪೊರೆಗಳಿಂದ. ಜಲಜನಕವನ್ನು ಉರಿಸದೆಯೇ ಅದರಿಂದ ವಿದ್ಯುತ್ತು ಪಡೆಯುವ ಇಂಧನಕೋಶಗಳಲ್ಲಿಯೂ ಇದೇ ಪೊರೆ. ಒಣಗಿಸಿದರೆ ಅದರ ವಾಹಕಶಕ್ತಿ ಬಹುಮಟ್ಟಿಗೆ ಅಡಗಿಹೋಗುತ್ತದೆ. ಬೇಸಿಗೆಯ ಒಣಮಣ್ಣಿನಲ್ಲಿ ಗೊಬ್ಬರವಿದ್ದೂ ಗಿಡವು ಉಪವಾಸ ಕೂಡುವುದಕ್ಕೆ ಕಾರಣಗಳಲ್ಲಿ ಇದೂ ಒಂದು.

ನ್ಯಾಫಿಯಾನಿನ ತುದಿಗಳು ಬಲವಾದ ಆಮ್ಲದವು. ಹುಳಿ ಎಷ್ಟಿದ್ದರೂ ಅವುಗಳ ವಿದ್ಯುತ್ತು ಕಳೆಯುವುದಿಲ್ಲ. ಮಣ್ಣಿನ ಸಸ್ಯಶೇಷದ ತುದಿಗಳು ಪೆಕ್ಟಿನ್ನಿನವುಗಳಂತೆ ದುರ್ಬಲವಾದ ಆಮ್ಲದವು. ಮಂಜರಾಬಾದಿಗೆ ಮರಳಬೇಕಾದದ್ದು ಈ ವ್ಯತ್ಯಾಸದ ನಿಮಿತ್ತವಾಗಿ. ಬರಿಯ ನೀರು ಪಂಕ್ತಿಯನ್ನು ಎಬ್ಬಿಸಲಾರದೆಂದೆವು. ಆದರೆ ಮಳೆ ಬರಿಯ ನೀರಲ್ಲ. ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡು ಅದು ಸ್ವಲ್ಪ ಹುಳಿಯಾಗಿಯೇ ಬೀಳುತ್ತದೆ. ಬೇರುಗಳ ಉಸಿರಿನಿಂದ ಇನ್ನಷ್ಟು ಹುಳಿಯಾಗುತ್ತದೆ. ವರ್ಷವರ್ಷವೂ ಒಂದಿಷ್ಟು ಸುಣ್ಣ ಎದ್ದುಹೋಗಿ ಜಲಜನಕ ಬಂದು ಕೂಡುತ್ತದೆ. ಕಾಡಿನಲ್ಲಿ ಈ ನಷ್ಟವನ್ನು ಮರಗಳು ತುಂಬುತ್ತವೆ. ಅತ್ತಿ, ಹಲಸು, ನಂದಿಗಳ ಬೇರು ಆಳದಿಂದ ಎತ್ತಿ ತಂದ ಸುಣ್ಣ ಎಲೆಯ ಮೂಲಕ ನೆಲಕ್ಕೆ ಉದುರುತ್ತದೆ. ಉದುರಿದ ಎಲೆಯೇ ಹೊಸ ಮಣೆಯೂ ಆಗುತ್ತದೆ.

ಇದಕ್ಕೆ ರಾಸಾಯನಿಕ ಗೊಬ್ಬರ ಬಂದು ಸೇರಿತು. ಥಾಮ್ಸನ್ನರು ಕೊಳವೆಯಲ್ಲಿ ಹಾಕಿದ ಅಮೋನಿಯಂ ಸಲ್ಫೇಟೇ ಮುಂದೆ ಲೋಕದ ತೋಟಗಳಿಗೆಲ್ಲ ಮೂಟೆಮೂಟೆಯಾಗಿ ಬಂದಿತು. ಮೈಸೂರು ಸಂಸ್ಥಾನದಲ್ಲಿಯೂ 1930ರ ದಶಕದ ಕೊನೆಯಲ್ಲಿ ಬೆಳಗೊಳದಲ್ಲಿ ಅದನ್ನು ತಯಾರಿಸುವ ಕಾರ್ಖಾನೆ ಏರ್ಪಟ್ಟಿತು. ಅಮೋನಿಯಂ ಮಣ್ಣಿನಲ್ಲಿ ಹಿಡಿಯಲ್ಪಡುತ್ತದೆಂಬುದು ನಿಜ. ಆದರೆ ಅದು ಅಲ್ಲಿ ಸುಮ್ಮನೆ ಕೂಡುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟನ್ನಾಗಿ ಮಾಡುತ್ತವೆಂದು 1877ರಲ್ಲಿ ಫ್ರಾನ್ಸಿನಲ್ಲಿ ಕಂಡುಹಿಡಿದರು. ಆ ಕ್ರಿಯೆಯಲ್ಲಿ ಜಲಜನಕದ ಅಯಾನುಗಳು ಹುಟ್ಟುತ್ತವೆ. ನೈಟ್ರೇಟಾದರೋ ಋಣ ಅಯಾನು. ಅದಕ್ಕೆ ಪಂಕ್ತಿಯಲ್ಲಿ ಜಾಗವಿಲ್ಲ. ಗಿಡ ಹೀರದೆ ಉಳಿದದ್ದು ಮಳೆಯೊಡನೆ ಹೊರಡುತ್ತದೆ. ಹೊರಡುವಾಗ ಒಂಟಿಯಾಗಿ ಹೋಗಲಾರದು, ಜೊತೆಗೆ ಸುಣ್ಣವನ್ನು ಕರೆದುಕೊಂಡೇ ಹೋಗುತ್ತದೆ. ಉಳಿಯುವುದು ಹುಳಿ. ಹುಳಿ ಹೆಚ್ಚಿದಂತೆಲ್ಲ ಸಸ್ಯಶೇಷದ ತುದಿಗಳು ಬೆಂಡೆಕಾಯಿಯ ಲೋಳೆಯಂತೆ ತಮ್ಮ ವಿದ್ಯುತ್ತನ್ನು ಕಳೆದುಕೊಳ್ಳುತ್ತವೆ. ಹೋದ ಸುಣ್ಣದ ನಷ್ಟ ಒಂದು. ಸುಣ್ಣವನ್ನು ಹಿಡಿಯುವ ಶಕ್ತಿಯೇ ಕುಂದಿದ್ದು ಎರಡನೆಯ ನಷ್ಟ. ಇನ್ನೂ ಹುಳಿಯಾದರೆ ಜೇಡಿಯೊಳಗಿನ ಅಲ್ಯೂಮಿನಿಯಂ ಬಿಡುಗಡೆಯಾಗಿ ಬೇರಿನ ತುದಿಯನ್ನು ಮೊಂಡುಮಾಡುತ್ತದೆ. ಇಂಗ್ಲೆಂಡಿನ ರಾಥಾಂಸ್ಟೆಡ್ ಕ್ಷೇತ್ರದಲ್ಲಿ 1856ರಿಂದ ಇಂದಿನವರೆಗೂ ಒಂದು ಹುಲ್ಲುಗಾವಲಿನ ಪ್ರಯೋಗ ನಡೆದುಬಂದಿದೆ. ಎಲಿಯಟ್ ದೊರೆ ಮಂಜರಾಬಾದಿನಲ್ಲಿ ನೆಲೆಯೂರಿದ ಕಾಲವೇ ಅದು. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ಪಡೆಯುತ್ತ ಬಂದ ತುಂಡುಗಳಲ್ಲಿ ಮಣ್ಣು ಅತ್ಯಂತ ಹುಳಿಯಾಗಿ, ಹತ್ತಾರು ಜಾತಿಯ ಹುಲ್ಲು ಹೂಗಳಿದ್ದ ಕಡೆ ಬೆರಳಲ್ಲಿ ಎಣಿಸುವಷ್ಟು ಜಾತಿಗಳು ಉಳಿದಿವೆ. ಸತ್ತ ಹುಲ್ಲು ಕೊಳೆಯದೆ ಮೇಲೆ ಚಾಪೆಗಟ್ಟಿದೆ.

ದೋಣಿಗಲ್ಲಿನ ಬಳಿ ಸಣ್ಣ ತೋಟವುಳ್ಳ ಬಂಧುಗಳೊಬ್ಬರು ನಮಗಿದ್ದಾರೆ. ವರ್ಷವರ್ಷವೂ ಗೊಬ್ಬರ ಹೆಚ್ಚಿಸುತ್ತ ಹೋದರೂ ತೋಟದ ಒಂದು ಮಗ್ಗುಲು ಹಳದಿಗೆ ತಿರುಗಿ ಸೊರಗುತ್ತಿತ್ತು. ಆ ಮಗ್ಗುಲಿನ ಹಳೆಯ ಮರಗಳನ್ನು ಮಾರಿ ಸಿಲ್ವರ್ ಮರ ಹಾಕಿದ್ದರು. ಅಂದವಾಗಿರಲೆಂದು ತರಗನ್ನೂ ಗುಡಿಸಿ ಒಯ್ಯಿಸುತ್ತಿದ್ದರು. “ಇಷ್ಟು ತಿನ್ನಿಸಿದರೂ ಮೈ ಹತ್ತುವುದಿಲ್ಲವಲ್ಲ, ಮೇಷ್ಟ್ರೇ” ಎಂದು ಅವರು ಎರಡು ಚೀಲ ಮಣ್ಣನ್ನು ನಮ್ಮಲ್ಲಿಗೆ ಕಳುಹಿಸಿದರು. ಒಂದು ಆ ಮಗ್ಗುಲಿನದು, ಇನ್ನೊಂದು ಬೇಲಿಯಾಚೆಯ ಕಾಡಿನದು. ನಾವು ವಿದ್ಯಾರ್ಥಿಗಳೊಡನೆ ವೇ ಅವರ ಪ್ರಯೋಗವನ್ನೇ ಮಾಡಿದೆವು. ಎರಡು ಗಾಜಿನ ಕೊಳವೆಗಳಲ್ಲಿ ಎರಡು ಮಣ್ಣನ್ನೂ ತುಂಬಿ, ಮೇಲಿನಿಂದ ಅಮೋನಿಯಂ ಉಪ್ಪಿನ ನೀರನ್ನು ಹೊಯ್ದು, ಕೆಳಗೆ ಬಂದ ತಿಳಿಗೆ ಅಮೋನಿಯಂ ಆಕ್ಸಲೇಟಿನ ಹನಿಗಳನ್ನು ಬಿಟ್ಟೆವು. ಸುಣ್ಣವಿದ್ದರೆ ಅದು ಬೆಳ್ಳಗೆ ಕದಡಬೇಕು. ಕಾಡಿನ ಮಣ್ಣಿನಿಂದ ಬಂದ ತಿಳಿಯು ಹಾಲು ಬಿದ್ದಂತೆ ಬೆಳ್ಳಗಾಯಿತು. ತೋಟದ ಮಣ್ಣಿನದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಾಯಿತು; ಒಂದು ನಸುಮಬ್ಬು ಮಾತ್ರ.

ಬಂಧುಗಳು ಮಣ್ಣನ್ನು ಕ್ರಮವಾಗಿ ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣವನ್ನು ಎರಡು ಕಂತಿನಲ್ಲಿ ಹಾಕಿಸಿದರು, ಗೊಬ್ಬರವನ್ನು ಇಳಿಸಿದರು, ತರಗು ಗುಡಿಸುವುದನ್ನು ನಿಲ್ಲಿಸಿ ಸಿಲ್ವರ್ ಮರಗಳ ನಡುವೆ ಹಾಲುವಾಣದ ಗೂಟಗಳನ್ನು ನೆಡಿಸಿದರು. ಮೂರು ಮಳೆಗಾಲ ಕಳೆದ ಮೇಲೆ ಅದೇ ಮಗ್ಗುಲಿನ ಮಣ್ಣು ಮತ್ತೊಂದು ಚೀಲದಲ್ಲಿ ಬಂದಿತು. ಆಕ್ಸಲೇಟಿನ ಹನಿ ಬಿದ್ದೊಡನೆ ಕೊಳವೆಯ ತಿಳಿಯಲ್ಲಿ ಬಿಳಿಯ ಮೋಡ ಎದ್ದಿತು. ಅದರಲ್ಲಿ ಹಾಕಿದ ಸುಣ್ಣದ ಪಾಲು ಎಷ್ಟು, ಮರಳಿ ತೆರೆದುಕೊಂಡ ತುದಿಗಳು ಹಿಡಿದಿಟ್ಟದ್ದು ಎಷ್ಟು ಎಂದು ಒಬ್ಬ ವಿದ್ಯಾರ್ಥಿಯು ಕೇಳಿದನು. ಒಳ್ಳೆಯ ಪ್ರಶ್ನೆ. ಮಣ್ಣಿನ ಇನ್ನರ್ಧ ಚೀಲವನ್ನು ಅವನ ಮೇಜಿನ ಕೆಳಗೆ ಇರಿಸಿದೆವು.